ಎಲ್ಲರಿಗೂ ಸರಿಹೋದ ಉಪಾಯ

ನಮ್ಮ ಗ್ರೂಪಿನಲ್ಲಿ ಒಂದು ಪದ್ಧತಿಯಿದೆ. ಯಾರಾದರೂ ತಮಾಷೆಗೆ ತಲೆಬುಡವಿಲ್ಲದ ಉಪಾಯ ಬರೆದರೆ ಅದರ ಕೆಳಗೆ ಯಾರೂ ನಗುವಂತಿಲ್ಲ. ನಗುವ ಮುಖ ಹಾಕಿದವನು ಎಳಸು ಎಂದೇ ಲೆಕ್ಕ. ಬದಲಿಗೆ ಮುಖ ಬಿಗಿದುಕೊಂಡು, ಅರ್ಜಿ ಬರೆಯುವಷ್ಟು ಗಂಭೀರವಾಗಿ, ‘ನನಗೂ ಸರಿಹೋಯಿತು, ಧನ್ಯವಾದ’ ಎಂದು ಬರೆಯಬೇಕು. ಹಾಗೆ ಬರೆಯುವವರು ಹೆಚ್ಚಿದಷ್ಟೂ ಜೋಕಿಗೆ ಬೆಲೆ. ವಿಷಯ ಗೊತ್ತಿಲ್ಲದ ಹೊಸಬರು ಬಂದು ನಂಬಿಬಿಟ್ಟರಂತೂ ನಮಗೆ ಸುಗ್ಗಿ.

ಕಂಪ್ಯೂಟರು, ಫೋನು, ಪ್ರಿಂಟರು ಕೈಕೊಟ್ಟವರು ಪ್ರಶ್ನೆ ಕೇಳುವ, ನಮ್ಮಂಥವರು ಉತ್ತರ ಹೇಳುವ ಗ್ರೂಪು ಅದು. ಸರಿಯಾದ ಉತ್ತರಗಳೂ ಬೇಕಾದಷ್ಟಿವೆ, ಇಲ್ಲವೆಂದರೆ ಸುಳ್ಳಾದೀತು. ಆದರೆ ಅರ್ಧ ಹೊತ್ತು ಅಲ್ಲಿ ನಡೆಯುವುದು ಜಗಳವೇ. ಯಾವ ಕಂಪನಿಯ ಫೋನು ಮೇಲು, ಬ್ಯಾಟರಿ ಪೂರ್ತಿ ತುಂಬಿಸಬೇಕೋ ಬೇಡವೋ, ಇದರಲ್ಲೇ ಜನ ಜನ್ಮಜನ್ಮಾಂತರದ ವೈರಿಗಳಾಗಿದ್ದಾರೆ. ನಾನು ಅಲ್ಲಿ ‘ಹಳೇ ರೇಡಿಯೋ’. ಹೆಸರಿನ ಪಕ್ಕದ ಚಿತ್ರ ನಮ್ಮ ಅಪ್ಪನ ರೇಡಿಯೋದ್ದು. ಅದರ ಒಂದು ಗುಂಡಿ ಕಳೆದುಹೋಗಿ ಆ ಜಾಗದಲ್ಲಿ ಟೂತ್‌ಪೇಸ್ಟಿನ ಮುಚ್ಚಳ ಕೂತಿದೆ. ಕಚೇರಿಯಲ್ಲಿ ನನ್ನನ್ನು ‘ಸಿಸ್ಟಂ ನೋಡೋರು’ ಎನ್ನುತ್ತಾರೆ, ಮೌಸ್ ಅಲ್ಲಾಡದಿದ್ದರೆ ಮಾತ್ರ ಕರೆಯುತ್ತಾರೆ. ಗ್ರೂಪಿನಲ್ಲಿ ಹಾಗಲ್ಲ. ಅಲ್ಲಿ ಹಳೇ ರೇಡಿಯೋ ಬಾಯಿಬಿಟ್ಟರೆ ನಾಲ್ಕು ಜನ ಕಿವಿಗೊಡುತ್ತಾರೆ.

ಕಳೆದ ಚಳಿಗಾಲದಲ್ಲಿ ಯಾರೋ ಒಬ್ಬ, ‘ನನ್ನ ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದೆ, ತೆರೆಯುತ್ತಿಲ್ಲ, ಏನು ಮಾಡಲಿ’ ಎಂದು ಕೇಳಿದ್ದ. ಅದೇ ಪ್ರಶ್ನೆಯನ್ನು ಹಿಂದಿನ ವಾರವೂ ಯಾರೋ ಕೇಳಿದ್ದರು. ನನಗೆ ತಲೆ ಕೆಟ್ಟಿತು. ಬರೆದೆ: ‘ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ರಾತ್ರಿ ಫ್ರೀಜರಿನಲ್ಲಿಡಿ. ಬೆಳಿಗ್ಗೆ ತೆಗೆದು ಮರದ ಸೌಟಿನಿಂದ ನಡುಮಧ್ಯೆ ಒಂದು ಗಟ್ಟಿ ಪೆಟ್ಟು ಕೊಡಿ. ಸ್ಟೀಲಿನ ಸೌಟು ಬೇಡ, ಒಳಗಿನ ಅಯಸ್ಕಾಂತಕ್ಕೆ ಒಳ್ಳೆಯದಲ್ಲ.’

ಆ ಕೊನೆಯ ವಾಕ್ಯದ ಬಗ್ಗೆ ನನಗಿದ್ದ ಹೆಮ್ಮೆಯನ್ನು ಹೇಳಲಾರೆ. ಸುಳ್ಳಿಗೆ ಅಂಥದೊಂದು ಪುಟ್ಟ ಎಚ್ಚರಿಕೆ ಅಂಟಿಸಿದರೆ ಅದು ನಿಜಕ್ಕಿಂತ ನಿಜವಾಗಿ ಕಾಣುತ್ತದೆ. ‘ನನಗೂ ಸರಿಹೋಯಿತು’ಗಳು ಬಿದ್ದವು ನೋಡಿ, ದಬದಬ ಎಂದು! ‘ಮಾವನ ಡಿಸ್ಕೂ ಸರಿಹೋಯಿತು’, ‘ಸೌಟು ಮುರಿಯಿತು ಆದರೆ ಫೋಟೋಗಳು ಬಂದವು’. ಗ್ರೂಪು ನಡೆಸುವವನು ಅದನ್ನು ‘ನಮ್ಮ ರತ್ನಗಳು’ ಎಂಬ ಪಟ್ಟಿಗೆ ಏರಿಸಿದ. ಅಲ್ಲಿಂದ ಮುಂದೆ ಗ್ರೂಪಿನಲ್ಲಿ ‘ಡಿಸ್ಕ್’ ಎಂದು ಹುಡುಕಿದರೆ ಮೊದಲು ಕಾಣುವುದೇ ನನ್ನ ಸೌಟು. ನಾನು ಬೀಗಿದೆ.

ನನ್ನ ಅಕ್ಕ ಮಾತು ಕಲಿಸುವವಳು. ತೊದಲುವ ಮಕ್ಕಳು, ಲಕ್ವ ಹೊಡೆದು ಮಾತು ಕಳೆದುಕೊಂಡ ದೊಡ್ಡವರು ಅವಳ ಬಳಿ ಬರುತ್ತಾರೆ. ಔಷಧಿ ಅಂಗಡಿಯ ಮೇಲಿನ ಒಂದೇ ಕೋಣೆ. ಎದುರುಬದುರು ಕೂರಲು ಎರಡು ಕುರ್ಚಿ, ಬಾಯಿ ನೋಡಿಕೊಳ್ಳಲು ಕನ್ನಡಿ, ಊದಲು ಪೀಪಿಗಳು ತುಂಬಿದ ಡಬ್ಬ, ಮೇಜಿನ ಮೇಲೊಂದು ಮೈಕು. ಅವಳ ಕೋಣೆಯಲ್ಲಿ ಎರಡೇ ಕಟ್ಟಳೆ. ಒಂದು, ಯಾರ ಮಾತಿಗೂ ಯಾರೂ ನಗಬಾರದು. ಎರಡು, ತಡವರಿಸುವವರ ಮಾತನ್ನು ನಾವು ಮುಗಿಸಿಕೊಡಬಾರದು, ಎಷ್ಟು ಹೊತ್ತಾದರೂ ಕಾಯಬೇಕು. ನಾನು ಚಿಕ್ಕಂದಿನಲ್ಲಿ ತೊದಲುತ್ತಿದ್ದೆ. ನನ್ನ ಮೇಲೆಯೇ ಅವಳು ಈ ಕಾಯುವುದನ್ನು ಕಲಿತದ್ದು ಎನ್ನುತ್ತಾಳೆ.

ಬಂದವರ ಮೊದಲ ದಿನದ ಮಾತನ್ನು ಅವಳು ರೆಕಾರ್ಡ್ ಮಾಡಿಕೊಳ್ಳುತ್ತಾಳೆ. ತಿಂಗಳುಗಟ್ಟಲೆ ಒದ್ದಾಡಿ, ‘ಏನೂ ಉಪಯೋಗವಿಲ್ಲ’ ಎಂದು ಅವರು ಕೈಚೆಲ್ಲುವ ದಿನ ಬಂದೇ ಬರುತ್ತದೆ. ಆ ದಿನ ಅದನ್ನು ಕೇಳಿಸುತ್ತಾಳೆ. ಎಲ್ಲಿಂದ ಎಲ್ಲಿಗೆ ಬಂದೆ ಎಂದು ಕಿವಿಗೇ ಗೊತ್ತಾಗುತ್ತದಲ್ಲ. ಅಂಥ ಮೊದಲ ದಿನಗಳೆಲ್ಲ ಒಂದೇ ಡಿಸ್ಕಿನಲ್ಲಿದ್ದವು. ಅದಕ್ಕೊಂದು ನಕಲು ಮಾಡಿಕೊಡುತ್ತೇನೆ ಎಂದು ನಾನು ಎಷ್ಟೋ ಭಾನುವಾರಗಳಿಂದ ಹೇಳುತ್ತಲೇ ಇದ್ದೆ.

ಈ ಸಲ ಕೈಚೆಲ್ಲಿದ್ದು ಒಬ್ಬ ಬಸ್ ಡ್ರೈವರು. ಲಕ್ವದ ನಂತರ ಒಂದು ಪದವೂ ಹೊರಡದೆ ಬಂದಿದ್ದವನು ಈಗ ಹೆಂಡತಿಯನ್ನು ಹೆಸರು ಹಿಡಿದು ಕರೆಯುವಷ್ಟಾಗಿದ್ದ. ಅದು ಅವನಿಗೆ ಸಾಲದು. ‘ಇನ್ನು ಬರಲ್ಲ’ ಎಂದು ಹೆಂಡತಿಯ ಕೈಲಿ ಹೇಳಿಸಿದ್ದ. ನಾಳೆ ಒಂದೇ ಒಂದು ಸಲ ಬನ್ನಿ ಎಂದು ಅಕ್ಕ ಅವರನ್ನು ಒಪ್ಪಿಸಿ, ಆ ಮೊದಲ ದಿನದ ರೆಕಾರ್ಡು ಹುಡುಕಲು ಡಿಸ್ಕು ಸಿಕ್ಕಿಸಿದ್ದಾಳೆ. ಅದು ಟಿಕ್ ಟಿಕ್ ಎಂದಿತು.

ಅವಳು ನನಗೆ ಫೋನ್ ಮಾಡಿದಾಗ ಮಧ್ಯಾಹ್ನ. ನಾನು ಬ್ಯಾಟರಿ ವಿಷಯದಲ್ಲಿ ‘ಉಕ್ಕಿನ ಮನುಷ್ಯ’ ಎಂಬ ಒಬ್ಬನ ಗ್ರಹಚಾರ ಬಿಡಿಸುತ್ತಿದ್ದೆ.

“ಲೋ, ಆ ಡಿಸ್ಕು ಏನೋ ಸದ್ದು ಮಾಡ್ತಿದೆ. ಸಂಜೆ ಬಂದು ನೋಡ್ತೀಯಾ? ನಾಳೆಗೆ ಬೇಕೇ ಬೇಕು.”

“ಸಂಜೆ ಆಗಲ್ಲಕ್ಕ, ತುಂಬಾ ಕೆಲ್ಸ ಇದೆ. ಒಂದು ಲಿಂಕ್ ಕಳಿಸ್ತೀನಿ, ಅಲ್ಲಿ ಹುಡುಕು. ಎಲ್ಲಾ ಪ್ರಶ್ನೆಗೂ ಉತ್ತರ ಇದೆ. ಭಾರೀ ತಿಳ್ಕೊಂಡಿರೋರಿದ್ದಾರೆ.”

“ನನಗೆ ಅದೆಲ್ಲ ಅರ್ಥ ಆಗುತ್ತೇನೋ?”

“ಅಯ್ಯೋ, ಬಿಡಿಸಿ ಬಿಡಿಸಿ ಬರೆದಿರ್ತಾರೆ,” ಎಂದೆ. ಲಿಂಕ್ ಕಳಿಸಿದೆ. ಉಕ್ಕಿನ ಮನುಷ್ಯನ ಕಡೆಗೆ ತಿರುಗಿದೆ. ಸೌಟಿನ ನೆನಪು ಸುಳಿಯಲೂ ಇಲ್ಲ.

ಮರುದಿನ ಬೆಳಿಗ್ಗೆ ಅವಳು ಮತ್ತೆ ಫೋನ್ ಮಾಡಿ, ಡಿಸ್ಕು ಪೂರ್ತಿ ಸುಮ್ಮನಾಗಿದೆ ಎಂದಳು. ಆಗ ಹೋದೆ. ಕೋಣೆಯಲ್ಲಿ ಮೇಜಿನ ಮೇಲೆ ಒಂದು ಟವೆಲ್ಲು ಹಾಸಿ, ಅದರ ಮೇಲೆ ಡಿಸ್ಕನ್ನು ಮಲಗಿಸಿದ್ದಳು. ಮೈಮೇಲೆ ಬೆವರಿನ ಹಾಗೆ ನೀರಿನ ಹನಿಗಳು. ಪಕ್ಕದಲ್ಲಿ ಮನೆಯಿಂದ ತಂದ ಮರದ ಸೌಟು.

“ಬರೆದಿದ್ದ ಹಾಗೇ ಮಾಡ್ದೆ ಕಣೋ,” ಎಂದಳು. “ರಾತ್ರಿಯೆಲ್ಲಾ ಫ್ರೀಜರಲ್ಲಿಟ್ಟು, ಬೆಳಿಗ್ಗೆ ಹೊಡೆದೆ. ಒಂದೇ ಸಲ, ನಡುಮಧ್ಯೆ. ನಾನೇನಾದ್ರೂ ತಪ್ಪು ಮಾಡಿದ್ನಾ?”

ನನ್ನ ಕಿವಿಗಳು ಬಿಸಿಯಾದವು. ಆಗಲೇ ಹೇಳಬೇಕಿತ್ತು. ಅಕ್ಕ ನನ್ನ ಮುಖ ನೋಡುತ್ತಾ ನಿಂತಿದ್ದಳು, ಸುಮಾರು ಹೊತ್ತು. ನಾನು ಡಿಸ್ಕನ್ನು ಎತ್ತಿ, ಅತ್ತ ಇತ್ತ ತಿರುಗಿಸಿ, ದೊಡ್ಡ ಡಾಕ್ಟರನ ಹಾಗೆ, “ರಿಪೇರಿ ಅಂಗಡಿಗೆ ತಗೊಂಡು ಹೋಗೋಣ,” ಎಂದೆ. ನನ್ನ ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಅಂಗಡಿಯವನು ಕೈಗೆ ತೆಳು ಗ್ಲೌಸು ಹಾಕಿ ಒಳಗೆ ಹೋದ. ನಾವು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತೆವು. ಅಕ್ಕ ಪರ್ಸನ್ನು ಮಡಿಲಲ್ಲಿಟ್ಟುಕೊಂಡು, ಪರೀಕ್ಷೆ ಬರೆದ ಹುಡುಗಿಯಂತೆ ಬಾಗಿಲನ್ನೇ ನೋಡುತ್ತಿದ್ದಳು. ಅವನು ಹೊರಗೆ ಬಂದವನೇ ತಲೆಯಾಡಿಸಿದ.

“ಒಳಗಿನ ತಟ್ಟೆ ಮೇಲೆ ಪೂರ್ತಿ ಗೀಚಿ ಹೋಗಿದೆ ಮೇಡಂ. ನೀರೂ ಕೂತಿದೆ. ಇದರಿಂದ ಏನೂ ತೆಗೆಯೋಕಾಗಲ್ಲ. ಎಲ್ಲಾದ್ರೂ ಬೀಳ್ಸಿದ್ರಾ?”

ಅಕ್ಕ ಮಾಡಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ‘ಮರದ ಸೌಟು’ ಎಂದು ಅವಳು ಅಂದದ್ದೇ ತಡ, ಅವನ ಮುಖ ಅರಳಿತು.

“ಅಯ್ಯೋ, ಸೌಟಾ! ಸ್ಟೀಲಿಂದು ಬೇಡ ಅಂತಾನಲ್ಲ, ಅದಾ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. “ಮೇಡಂ, ಅದು ಜೋಕು! ನಾನೂ ಅದೇ ಗ್ರೂಪಲ್ಲಿದ್ದೀನಿ. ‘ನನಗೂ ಸರಿಹೋಯ್ತು’ ಅಂತ ನಾನೇ ಬರೆದಿದ್ದೀನಿ!” ಎಂದು ನನ್ನ ಕಡೆ ತಿರುಗಿ, “ನೀವಾದ್ರೂ ಹೇಳ್ಬಾರ್ದಾ ಸಾರ್?” ಎಂದ.

ನಾನು ನಕ್ಕೆ. ಅವನು ನಕ್ಕನಲ್ಲ, ಅದಕ್ಕೆ ಜೊತೆಗೂಡುವಂಥ ಒಂದು ನಗೆ ತಾನಾಗಿ ಹೊರಟುಬಿಟ್ಟಿತು. ಮಾಡಿದ್ದರಲ್ಲಿ ಯಾವುದನ್ನಾದರೂ ವಾಪಸು ತೆಗೆದುಕೋ ಎಂದರೆ ನಾನು ಸೌಟಿನ ಜೋಕನ್ನಲ್ಲ, ಆ ನಗೆಯನ್ನು ತೆಗೆದುಕೊಳ್ಳುತ್ತೇನೆ. ಅಕ್ಕ ಸೀರೆಯ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡಿದಳು.

ಅವನಿಗೂ ಏನೋ ಅನ್ನಿಸಿರಬೇಕು. ನಗು ನಿಲ್ಲಿಸಿ, ನಾವು ಜೊತೆಗೆ ತಂದಿದ್ದ ಕೇಬಲ್ಲನ್ನು ಬೇರೊಂದು ಡಿಸ್ಕಿಗೆ ಸಿಕ್ಕಿಸಿದ. ಅದೂ ಟಿಕ್ ಟಿಕ್ ಎಂದಿತು.

“ನೋಡಿ, ಕೇಬಲ್ಲೇ ಕೆಟ್ಟಿರೋದು, ಕರೆಂಟ್ ಸರಿಯಾಗಿ ಹೋಗ್ತಿಲ್ಲ. ಮೊದ್ಲು ಡಿಸ್ಕಿಗೆ ಏನೂ ಆಗಿರ್ಲಿಕ್ಕಿಲ್ಲ. ಬೇರೆ ಕೇಬಲ್ ಹಾಕಿದ್ರೆ ಸಾಕಾಗಿತ್ತು.”

ಕೇಬಲ್ಲು. ನನ್ನ ಮೇಜಿನ ಡ್ರಾಯರಿನಲ್ಲಿ ಅಂಥವು ಗೋಜಲಾಗಿ ಬಿದ್ದಿವೆ, ಯಾರಿಗೂ ಬೇಡದವು. ಆ ಸಂಜೆ ಒಂದನ್ನು ಜೇಬಿಗೆ ಹಾಕಿಕೊಂಡು ಹೋಗಿದ್ದರೆ ಮುಗಿದಿತ್ತು.

ಡ್ರೈವರು ಮಧ್ಯಾಹ್ನ ಬಂದನಂತೆ. ಕೇಳಿಸಲು ಅಕ್ಕನ ಬಳಿ ಏನೂ ಇರಲಿಲ್ಲ. “ನೀವು ತುಂಬಾ ಸುಧಾರಿಸಿದ್ದೀರಿ” ಎಂದು ಬಾಯಲ್ಲೇ ಹೇಳಿದಳಂತೆ. ಅದನ್ನು ಎಲ್ಲರೂ ಅವನಿಗೆ ಹೇಳುತ್ತಾರೆ. ಅವನು ಎದ್ದು ಕೈಮುಗಿದು ಹೋದ.

ಅದು ಗೊತ್ತಾದ ಮೇಲೆ ನಾನು ಗ್ರೂಪಿನಲ್ಲಿ ಬರೆದೆ. ಜೋಕಿಲ್ಲ, ಮುಚ್ಚುಮರೆಯಿಲ್ಲ. ಸೌಟಿನ ಉಪಾಯ ಸುಳ್ಳು, ನಾನೇ ಕಟ್ಟಿದ್ದು, ನನ್ನ ಸ್ವಂತ ಅಕ್ಕ ನಂಬಿ ಮಾಡಿದಳು, ಎಷ್ಟೋ ಜನರ ಧ್ವನಿಗಳು ಹೋದವು, ದಯವಿಟ್ಟು ಅದನ್ನು ತೆಗೆಯಿರಿ ಎಂದೆ. ಮೊದಲ ಉತ್ತರ ಉಕ್ಕಿನ ಮನುಷ್ಯನದು: ‘ನನ್ನ ಅಕ್ಕನಿಗೆ ಸರಿಹೋಯಿತು, ಧನ್ಯವಾದ.’ ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಎಲ್ಲರ ಅಕ್ಕಂದಿರಿಗೂ ಸರಿಹೋಯಿತು. ಗ್ರೂಪು ನಡೆಸುವವನು ಮೆಚ್ಚಿ ಅದನ್ನೂ ರತ್ನಗಳ ಪಟ್ಟಿಗೆ ಏರಿಸಿದ. ಅವರನ್ನು ಬೈಯುವ ಬಾಯಿ ನನಗೆಲ್ಲಿದೆ? ನಾನಾಗಿದ್ದರೂ ಹಾಗೇ ಬರೆಯುತ್ತಿದ್ದೆ. ಇನ್ನೂ ಚೆನ್ನಾಗಿ ಬರೆಯುತ್ತಿದ್ದೆ.

ಭಾನುವಾರ ಹೊಸ ಡಿಸ್ಕು ತೆಗೆದುಕೊಂಡು ಅಕ್ಕನ ಕೋಣೆಗೆ ಹೋದೆ. ಅದಕ್ಕೆ ನಕಲು ಮಾಡಿಕೊಳ್ಳಲು ಎರಡನೆಯದನ್ನೂ ಒಯ್ದಿದ್ದೆ, ಈಗ. ಅವಳು ಕಿಟಕಿ ತೆರೆದಳು, ಪೀಪಿಗಳನ್ನು ತೊಳೆದು ಬಟ್ಟೆಯ ಮೇಲೆ ಹರಡಿದಳು. ನಾನು ಎಲ್ಲ ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡು, “ಒಂದು, ಎರಡು, ಮೂರು,” ಎಂದು ಮೈಕಿಗೆ ಹೇಳಿದೆ.

“ಅಂಕಿ ಬೇಡ,” ಎಂದು ಅಕ್ಕ ಎದುರಿನ ಕುರ್ಚಿಯಲ್ಲಿ ಬಂದು ಕೂತಳು. “ಅಂಕಿ ಎಲ್ರಿಗೂ ಸಲೀಸಾಗಿ ಬರುತ್ತೆ. ಏನಾದ್ರೂ ಒಂದು ಮಾತು ಹೇಳು.”

ಮಾತು ಕಲಿಯಲು ಬರುವವರು ಕೂರುವ ಕುರ್ಚಿಯಲ್ಲಿ ನಾನಿದ್ದೆ. ಕನ್ನಡಿಯಲ್ಲಿ ನನ್ನದೇ ಬಾಯಿ ಕಾಣುತ್ತಿತ್ತು.

“ಅಕ್ಕ,” ಎಂದೆ. “ಆ ಸೌಟಿನ...”

ಮುಂದಕ್ಕೆ ಬರಲಿಲ್ಲ. ಚಿಕ್ಕಂದಿನಲ್ಲಿ ಆಗುತ್ತಿತ್ತಲ್ಲ, ಹಾಗೇ ನಾಲಿಗೆ ಕಚ್ಚಿಕೊಂಡಿತು. ಅವಳು ತಲೆಯಾಡಿಸಲಿಲ್ಲ, ‘ಹೂಂ’ ಎನ್ನಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖ ನೋಡುತ್ತಾ ಕೂತಳು. ಕೆಳಗೆ ಔಷಧಿ ಅಂಗಡಿಯಲ್ಲಿ ಯಾರೋ ಶಟರು ಎತ್ತಿದರು.

“ಆ ಸೌಟಿನ ವಿಷ್ಯ... ಬರೆದೋನು ನಾನು.”

“ಗೊತ್ತು,” ಎಂದಳು.

“ಯಾವಾಗ ಗೊತ್ತಾಯ್ತು? ಅಂಗಡೀಲಾ?”

“ಇಲ್ಲ. ಓದಿದಾಗ್ಲೇ.”

“ಮತ್ತೆ ಯಾಕಕ್ಕ ಕೇಳ್ಲಿಲ್ಲ? ಇಷ್ಟು ದಿನ?”

“ಇನ್ನೊಬ್ರ ಮಾತನ್ನ ನಾನು ಮುಗಿಸ್ಕೊಡಲ್ಲ. ನಿನಗೆ ಗೊತ್ತಲ್ಲ.”

ಅವಳು ಒಂದು ಪೀಪಿಯನ್ನು ಎತ್ತಿಕೊಂಡು ಬಟ್ಟೆಯಿಂದ ಒರೆಸತೊಡಗಿದಳು.

“ಚಿತ್ರದಲ್ಲಿ ಅಪ್ಪನ ರೇಡಿಯೋ ಇತ್ತು. ಗುಂಡಿ ಕಳೆದು ಹಾಕಿ ನೀನು ಅಳ್ತಾ ಕೂತಾಗ, ಅಪ್ಪ ಬರೋದ್ರೊಳಗೆ ಆ ಮುಚ್ಚಳ ಸಿಕ್ಸಿದ್ದು ನಾನಲ್ವೇನೋ? ನೋಡಿದ ತಕ್ಷಣ ಗೊತ್ತಾಯ್ತು. ಎಷ್ಟು ಖುಷಿಯಾಯ್ತು ಗೊತ್ತಾ? ಅಷ್ಟು ಜನ ಧನ್ಯವಾದ ಹೇಳಿದ್ರು ನಿನಗೆ. ನನಗೆ ಫೋನಲ್ಲಿ ಹೇಳೋಕೆ ಅವನಿಗೆ ಪುರುಸೊತ್ತಿರಲಿಲ್ಲ, ಆದ್ರೂ ಲಿಂಕ್ ಕಳಿಸಿದ್ದಾನೆ, ಇದನ್ನೇ ನೋಡ್ಲಿ ಅಂತ ಕಳಿಸಿದ್ದಾನೆ ಅಂದ್ಕೊಂಡೆ.”

ಪೀಪಿ ಒರೆಸಿ ಡಬ್ಬಕ್ಕೆ ಹಾಕಿದಳು.

“ಡಿಸ್ಕಿಗೆ ಸೌಟಲ್ಲಿ ಹೊಡೀಬೇಕು ಅಂತ ಊರಿಗೆ ಊರೇ ಬಂದು ಹೇಳಿದ್ರೂ ನಾನು ಹೊಡೀತಿರಲಿಲ್ಲ ಕಣೋ. ಅಷ್ಟು ದಡ್ಡಿಯಲ್ಲ ನಾನು. ನೀನು ಬರೆದಿದ್ದು ಅಂತ ಹೊಡೆದೆ.”

ನನ್ನ ಕಿವಿಯಲ್ಲಿ ಹೆಡ್‌ಫೋನ್ ಹಾಗೇ ಇತ್ತು. ಮೈಕು ಅವಳ ಮಾತನ್ನೆಲ್ಲ ಹಿಡಿದು ನನ್ನ ತಲೆಯೊಳಗೇ ತಂದು ಹಾಕುತ್ತಿತ್ತು. ಉಸಿರಾಡಿದ್ದೂ ಕೇಳಿಸುತ್ತಿತ್ತು.

“ಧ್ವನಿ ಸರಿಯಾಗಿ ಬರ್ತಿದೆಯಾ?” ಎಂದು ಕೇಳಿದಳು.

“ಬರ್ತಿದೆ,” ಎಂದೆ.