ದಾರಿ ತಪ್ಪಿದ ಅಕ್ಕಿ

ನನ್ನ ತಂಗಿ ನನ್ನನ್ನು ‘ಹಕ್ಕಾ’ ಎಂದು ಕರೆಯುತ್ತಿದ್ದಳು. ಅದಕ್ಕೆ ಒಂದು ಸಿನಿಮಾ ಕಾರಣ.

ಆ ಸಿನಿಮಾದಲ್ಲಿ ಯಾರೂ ಮಾತಾಡುವುದಿಲ್ಲ, ಎಲ್ಲರೂ ಹಾಡುತ್ತಾರೆ. ಕಳ್ಳ ಓಡುತ್ತಲೇ ಹಾಡಿದರೆ ಪೊಲೀಸಪ್ಪ ಹಿಡಿಯುವುದು ಬಿಟ್ಟು ತಾಳ ಹಾಕುತ್ತಾನೆ. ಕೋರಸ್ಸಿನಲ್ಲಿದ್ದ ತಂಗಿಗೆ, ದೊಡ್ಡ ಗಾಯಕಿಯ ಗಂಟಲು ಕಟ್ಟಿದ್ದರಿಂದ, ಒಬ್ಬಳೇ ಹಾಡಲು ಒಂದು ಸಾಲು ಸಿಕ್ಕಿತು: ‘ದಾರಿ ತಪ್ಪಿದ ಹಕ್ಕಿಯೊಂದು ಹಾರಿ ಬಂತು.’ ಗಾಬರಿಯಲ್ಲಿ ಅವಳು ‘ಅಕ್ಕಿಯೊಂದು’ ಎಂದುಬಿಟ್ಟಳು. ಇನ್ನೊಮ್ಮೆ ಹಾಡಿಸಿದರೆ ಹುಡುಗಿ ಅತ್ತೇಬಿಡುತ್ತಾಳೆಂದು ಸಂಗೀತ ನಿರ್ದೇಶಕರು ‘ಚೆನ್ನಾಗಿ ಬಂತಮ್ಮ’ ಎಂದು ಕಳಿಸಿಕೊಟ್ಟರಂತೆ. ಸಿನಿಮಾ ವಾರ ತುಂಬುವ ಮೊದಲೇ ಮಲಗಿತು. ಹಾಡುಗಳ ರೆಕಾರ್ಡು ಉಳಿಯಿತು, ಅದರೊಳಗೆ ಅಕ್ಕಿಯೂ ಉಳಿಯಿತು.

ಅಂದಿನಿಂದ ತಂಗಿ ಹಕಾರವನ್ನು ಬೇಡದ ಕಡೆಯೂ ಹಾಕತೊಡಗಿದಳು. ಹಡುಗೆ, ಹಂಗಡಿ, ಹಿಸ್ತ್ರಿ. ಗಂಡ ಕೆಲಸಕ್ಕೆ ಹೊರಟರೆ, “ಹಂಬ್ರೆಲಾ ತಗೊಂಡ್ರಾ?”

“ತಗೊಂಡೆ ಕಣೆ, ಮಳೆ ಬಂದ್ರೆ ಇಡೀತೀನಿ” ಎಂದು ಅವರು ಮನೆಯ ಹಕಾರದ ಲೆಕ್ಕ ಸರಿತೂಗಿಸುತ್ತಿದ್ದರು.

ನಾವು ಮುದುಕಿಯರಾಗುವ ಹೊತ್ತಿಗೆ ಕಾಲೇಜು ಹುಡುಗರಿಗೆ ಆ ರೆಕಾರ್ಡಿನ ಹುಚ್ಚು ಹಿಡಿಯಿತು. ಒಂದು ಹಳೆಯ ಚಿತ್ರಮಂದಿರದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಸಿನಿಮಾ ಹಾಕುವುದು, ಎಲ್ಲರೂ ಜೊತೆಗೆ ಹಾಡುವುದು, ತಂಗಿಯ ಸಾಲು ಬಂದಾಗ ಹಿಡಿ ಹಿಡಿ ಅಕ್ಕಿ ಎರಚುವುದು. ಲೋಕವೇ ತನ್ನನ್ನು ಆಡಿಕೊಂಡು ನಗುತ್ತಿದೆಯೆಂದು ಅವಳು ಭಾನುವಾರ ಹೊರಗೆ ಬರುವುದನ್ನೇ ಬಿಟ್ಟಳು.

ಅಷ್ಟರಲ್ಲಿ ಕಂಪನಿಯವರು ರೆಕಾರ್ಡನ್ನು ಹೊಸದಾಗಿ ತರಲು ಹೊರಟರು. ಈಗಿನ ಯಂತ್ರದಲ್ಲಿ ಒಂದಕ್ಷರವನ್ನೂ ತಿದ್ದಬಹುದು, ಬಂದು ‘ಹ’ ಅಂದು ಹೋಗಿ ಎಂದು ಸೌಂಡ್ ಇಂಜಿನಿಯರ್ ಹುಡುಗಿ ಫೋನ್ ಮಾಡಿದಳು. ತಂಗಿಗೆ ಹೋದ ಮಾನ ಮರಳಿ ಬಂದಂತಾಯಿತು. ಬಾಯಿಯ ಮುಂದೆ ಕಾಗದದ ಚೂರು ಹಿಡಿದು, ಅದು ಅಲುಗುವವರೆಗೂ ಹಕ್ಕಿ ಹಕ್ಕಿ ಎಂದು ಅಭ್ಯಾಸ ಮಾಡಿದಳು. ಮೊದಲು ಒಂದು ಆಟ ನೋಡಿಬನ್ನಿ ಎಂದು ಆ ಹುಡುಗಿಯೇ ಟಿಕೆಟ್ ಕಳಿಸಿದಳು. ಬೇಜಾರಾದರೆ ಸದ್ದಿಲ್ಲದೆ ಎದ್ದು ಹೋಗಲೆಂದು ಬಾಗಿಲ ಪಕ್ಕದ ಸೀಟುಗಳನ್ನೇ ಆರಿಸಿದ್ದಳು.

ತಂಗಿ ನನ್ನ ಪಕ್ಕದಲ್ಲಿ ತಲೆತುಂಬ ಶಾಲು ಹೊದ್ದು ಕುಳಿತಳು. ಆ ಸಾಲು ಹತ್ತಿರವಾದಂತೆ ಗದ್ದಲವೆಲ್ಲ ಅಡಗಿತು. ಅವಳ ಹರೆಯದ ದನಿಯೊಂದೇ ಕೇಳಿಸಿತು. ‘ಅಕ್ಕಿಯೊಂದು’ ಎಂದದ್ದೇ ತಡ, ಮಂದಿರವೆಲ್ಲ ಅದನ್ನೇ ಹಾಡುತ್ತ ಅಕ್ಕಿ ತೂರಿತು. ಹಿಂದೆ ಕುಳಿತಿದ್ದ ಯಾರೋ ಒಬ್ಬ ಹುಡುಗಿ ನಮ್ಮ ತಲೆಗಳ ಮೇಲೆ ಕೊಡೆ ಬಿಚ್ಚಿ ಹಿಡಿದಳು. ತನ್ನಲ್ಲಿ ಉಳಿದಿದ್ದ ಅಕ್ಕಿಯನ್ನು ತಂಗಿಯ ಅಂಗೈಗೆ ಸುರಿದಳು.

“ನೀವೂ ಹಾಕಿ ಅಜ್ಜಿ. ಇದನ್ನ ಹಾಡಿದವರು ಯಾರೋ ಗೊತ್ತಿಲ್ಲ. ತಪ್ಪಿದ್ರೂ ನಿಲ್ಲಿಸ್ದೆ ಹಾಡ್ಕೊಂಡು ಹೋಗಿದಾರೆ ನೋಡಿ. ಕೆಲಸಕ್ಕೆ ಸೇರೋ ದಿನ ನಾನು ಇದನ್ನೇ ಕೇಳ್ಕೊಂಡು ಹೋದೆ.”

ತಂಗಿ ತಾನು ಯಾರೆಂದು ಹೇಳಲಿಲ್ಲ. ಶಾಲು ಜಾರಿಸಿ, ಅಕ್ಕಿ ಎರಚಿದಳು. ಅದು ಮುಂದಿನ ಸಾಲಿನ ಬೋಳುತಲೆಯೊಂದರ ಮೇಲೆ ಬಿತ್ತು. ಆ ಮಹಾನುಭಾವರು ತಿರುಗಿ ಕೈಮುಗಿದರು.

ಹೊರಗೆ ಬಂದಾಗ, ಗುಡಿಸಿದ ಅಕ್ಕಿಯನ್ನು ಕೆಲಸದಾಕೆ ಪಾರಿವಾಳಗಳಿಗೆ ಹಾಕುತ್ತಿದ್ದಳು. “ನೋಡು, ಹಕ್ಕಿನೂ ಬಂತು” ಎಂದು ತಂಗಿ ನಕ್ಕಳು. ಮೆಟ್ಟಿಲ ಮೇಲೆ ನಿಂತೇ ಸೌಂಡ್ ಇಂಜಿನಿಯರಿಗೆ ಫೋನ್ ಮಾಡಿದಳು.

“ತಿದ್ದೋದು ಬೇಡಮ್ಮ. ಅಕ್ಕಿ ಆಗೇ ಇರ್ಲಿ.”

ಆಮೇಲೆ ನನ್ನ ತೋಳು ಹಿಡಿದಳು. “ಅಸಿವಾಗ್ತಿದೆ ಅಕ್ಕಾ, ನಡಿ.”

ಹಸಿವಿನ ಹಕಾರ ಹೋದರೆ ಹೋಗಲಿ. ನಾನು ಮತ್ತೆ ಅಕ್ಕನಾಗಿದ್ದೆ.