ಭಾವನವರ ಹುಲ್ಲುಹಾಸು

ನಾವಿದ್ದ ಮನೆ ನಮ್ಮದಲ್ಲ, ಭಾವನವರದು. ಭಾವ ಅಂದರೆ ಇವರ ಅಣ್ಣ. ದೂರದ ಊರಿನಲ್ಲಿ ದೊಡ್ಡ ಕೆಲಸದಲ್ಲಿದ್ದಾರೆ. ಆಸೆಪಟ್ಟು ಮನೆ ಕಟ್ಟಿಸಿದರು, ಮುಂದೆ ಹುಲ್ಲುಹಾಸು ಬೆಳೆಸಿದರು, ಖಾಲಿ ಬಿಡುವುದಕ್ಕಿಂತ ತಮ್ಮನೇ ಇರಲಿ ಎಂದರು. ಬಾಡಿಗೆಯ ಮಾತೇ ಇಲ್ಲ. “ಹುಲ್ಲೊಂದು ಹಸಿರಾಗಿರಲಿ ಕಣಮ್ಮ, ಅಷ್ಟೇ” ಅಂದರು. ಆ ‘ಅಷ್ಟೇ’ ಎಷ್ಟು ಉದ್ದ ಅಂತ ಹುಲ್ಲು ಸಾಕಿದವರಿಗೇ ಗೊತ್ತು.

ಮಗುವಾದರೆ ಅತ್ತು ಅತ್ತು ಒಂದು ಹೊತ್ತಿಗೆ ಮಲಗುತ್ತದೆ. ಹುಲ್ಲು ಮಲಗುವುದಿಲ್ಲ. ಮಳೆಗಾಲದಲ್ಲಿ ಬೆಳಗಾಗುವುದರೊಳಗೆ ಪಾದ ಮುಚ್ಚುತ್ತದೆ. ಒದ್ದೆ ಹುಲ್ಲಿನ ಮೇಲೆ ಯಂತ್ರ ತಳ್ಳಿದರೆ ಮುದ್ದೆಮುದ್ದೆಯಾಗಿ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಬಿಸಿಲು ಇಣುಕಿದ ಕೂಡಲೇ ಒಲೆ ಆರಿಸಿ ಓಡಬೇಕು. ನಡುವೆ ಜೇಕಿನ ಕಳೆ. ಎಲೆ ಕಿತ್ತರೆ ಗಡ್ಡೆ ಮಣ್ಣೊಳಗೆ ಕೂತು ನಗುತ್ತದೆ. ಹಳೇ ಸ್ಕ್ರೂಡ್ರೈವರ್ ಹಿಡಿದು ಒಂದೊಂದನ್ನೂ ಮೀಟಿ ತೆಗೆಯಬೇಕು. ಇವರು ಬಸ್ ಡ್ರೈವರು. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವವರು. ಹಾಗಾಗಿ ಹುಲ್ಲು ನನ್ನ ಪಾಲಿಗೆ ಬಂತು.

ಮಧ್ಯಾಹ್ನ ಮಾತ್ರ ನಾನು ಪೇಟೆಯ ಹೊಲಿಗೆ ಅಂಗಡಿಗೆ ಹೋಗುತ್ತಿದ್ದೆ. ಒಂದು ಮಳೆಗಾಲದಲ್ಲಿ ಅಂಗಡಿಯ ಅಕ್ಕ ಕತ್ತರಿ ಕೆಳಗಿಟ್ಟು ಹೇಳಿದಳು: “ನೋಡೇ, ನನಗೀಗ ಸೂಜಿಯೂ ಕಾಣಲ್ಲ, ದಾರವೂ ಕಾಣಲ್ಲ. ಮಗಳ ಮನೆಗೆ ಹೊರಟುಬಿಡ್ತೀನಿ. ಅಂಗಡಿ ನೀನೇ ನಡೆಸು. ಮೇಲೆ ಎರಡು ಕೋಣೆ ಇದೆ, ಗಂಡನ್ನೂ ಕರ್ಕೊಂಡು ಬಂದುಬಿಡು. ಆದರೆ ಬೆಳಿಗ್ಗೆಯೇ ಬಾಗಿಲು ತೆಗೀಬೇಕು. ಹುಲ್ಲಿಗೆ ನೀರು ಹಾಕಿ ಬರ್ತೀನಿ, ಗೊಬ್ಬರ ಹಾಕಿ ಬರ್ತೀನಿ ಅಂದ್ರೆ ಗಿರಾಕಿ ಬರಿಮೈಯಲ್ಲಿ ಕಾಯ್ತಾ ನಿಂತಿರ್ತಾರಾ?”

“ಯಾವಾಗ ಹೇಳ್ಬೇಕು ಅಕ್ಕಾ?”

“ಬೇಸಿಗೆವರೆಗೆ ಕಾಯ್ತೀನಿ. ಆಮೇಲೆ ಇಲ್ಲಿ ಅಂಗಿಗೆ ಗುಂಡಿ ಹಾಕೋಳು ಕೇಳ್ತಿದಾಳೆ, ಅವಳಿಗೇ ಕೊಡ್ತೀನಿ.”

ನನ್ನದೇ ಅಂಗಡಿ! ಮನೆಗೆ ಬಂದು ಉಸಿರು ಬಿಡದೆ ಹೇಳಿದೆ. ಇವರು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

“ಅಣ್ಣ ಚಳಿಗಾಲಕ್ಕೆ ಬರ್ತಾನಲ್ಲ, ಎದುರಿಗೇ ಹೇಳೋಣ. ಅಷ್ಟರಲ್ಲಿ ಹುಲ್ಲು ಚೆನ್ನಾಗಿ ಮಾಡು. ಖುಷಿಯಲ್ಲಿರೋರ ಹತ್ರ ಮಾತಾಡೋದು ಸುಲಭ.”

ನನಗೂ ಅದು ಸರಿ ಕಂಡಿತು. ಮೈಮುರಿದು ದುಡಿದೆ. ಮರಳು, ಗೊಬ್ಬರ ಜರಡಿ ಹಿಡಿದು ಹರಡಿದೆ. ಪಕ್ಕದ ಮನೆಯ ಮರ ಉದುರಿಸಿದ ಎಲೆಗಳನ್ನು ದಿನಾ ಗುಡಿಸಿದೆ. ಭಾವ ಬಂದವರು ಗೇಟಿನಲ್ಲೇ ಬೂಟು ಕಳಚಿ, ಇಬ್ಬನಿಯ ಮೇಲೆ ಬರಿಗಾಲಲ್ಲಿ ನಡೆದರು. “ಏನು ಕೈಗುಣ ನಿಂದು!” ಎಂದರು. ಊಟಕ್ಕೆ ಕೂತಾಗ, ಈಗ ಹೇಳಿ ಎಂಬಂತೆ, ನಾನು ಮೇಜಿನ ಕೆಳಗೆ ಇವರ ಕಾಲು ಒತ್ತಿದೆ. ಇವರು ಉಪ್ಪು ಕೇಳಿದರು. ಇನ್ನೊಮ್ಮೆ ಒತ್ತಿದೆ. ನೀರು ಕೇಳಿದರು.

ಹೊರಡುವ ದಿನ ಭಾವ ಗೇಟಿನ ಕಂಬಕ್ಕೆ ಒಂದು ಕ್ಯಾಮೆರಾ ಹಾಕಿಸಿದರು. “ಅಲ್ಲೇ ಕೂತು ದಿನಾ ನೋಡ್ತೀನಮ್ಮ” ಎಂದರು, ಬಹಳ ಪ್ರೀತಿಯಿಂದ.

“ಯಾಕ್ರೀ ಹೇಳ್ಲಿಲ್ಲ?”

“ಮಾತಿನ ಮಧ್ಯೆ ಜಾಗವೇ ಸಿಗಲಿಲ್ವಲ್ಲೇ!”

ಚೆನ್ನಾಗಿ ಮಾಡಿದಷ್ಟೂ ಹಗ್ಗ ಬಿಗಿಯಿತು. ಬಗ್ಗಿ ಕಳೆ ಕೀಳುವಾಗ ಬೆನ್ನ ಮೇಲೆ ಯಾರೋ ಕೂತ ಹಾಗೆ. ಭಾವ ಫೋನ್ ಮಾಡುತ್ತಿದ್ದುದು ಇವರಿಗೆ, ಇವರು ಬಂದು ನನಗೆ ಹೇಳುತ್ತಿದ್ದರು: “ಬಲಗಡೆ ಮೂಲೆ ಹಳದಿಯಾಗಿದೆಯಂತೆ.” ಬೇಸಿಗೆ ಬಂತು. ಸೂರ್ಯ ಏಳುವ ಮೊದಲೇ ನೀರು ಬಿಡಬೇಕು, ಸಂಜೆ ಮತ್ತೆ. ಗಿಡ್ಡ ಕತ್ತರಿಸಿದರೆ ಬೇರು ಸುಡುತ್ತದೆ, ಉದ್ದ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ. ತಂಗಿಯ ಮನೆಗೆ ಒಂದು ರಾತ್ರಿ ಹೋಗಿ ಉಳಿಯುವಂತಿಲ್ಲ. ಎದುರುಮನೆ ಮೇಷ್ಟ್ರು ಪೇಪರು ಮಡಿಸಿ ಕೇಳುತ್ತಿದ್ದರು: “ಏನಮ್ಮಾ, ಹುಲ್ಲಿಗೆ ಸ್ನಾನ ಆಯ್ತಾ? ನಿಮ್ಮದು?”

“ನನ್ನದು ಮಳೆಗಾಲಕ್ಕೆ ಮೇಷ್ಟ್ರೇ!” ನಗುತ್ತಲೇ ಹೇಳಿದೆ. ಒಳಗೆ ಬಂದು ಬಾಗಿಲಿಗೆ ಒರಗಿ ನಿಂತೆ.

ಒಂದು ಮಧ್ಯಾಹ್ನ ಅಂಗಡಿಯ ಅಕ್ಕ ಗಂಟುಮೂಟೆ ಕಟ್ಟುತ್ತಿದ್ದಳು. “ಇದೊಂದು ವಾರ ಕಣೇ. ಇನ್ನು ನನ್ನ ಕೈಲಾಗಲ್ಲ.”

ಇವರಿಗೆ ಹೇಳಿದೆ. “ನಾನು ಮಾತಾಡ್ತೀನಿ, ಸ್ವಲ್ಪ ತಡಿ” ಎಂದರು.

ಮರುದಿನ ಬೆಳಿಗ್ಗೆ ನೀರು ಬಿಡದೆ ಪೈಪು ಸುತ್ತಿಟ್ಟೆ. ಅದರ ಮರುದಿನವೂ ಬಿಚ್ಚಲಿಲ್ಲ. ಹುಲ್ಲು ಮೊದಲು ಬೂದಿಬಣ್ಣಕ್ಕೆ ತಿರುಗಿತು, ಆಮೇಲೆ ಎಲೆ ಮಡಿಸಿಕೊಂಡಿತು. ಕತ್ತಲಲ್ಲಿ ಓಡಾಡುವ ಇವರಿಗೆ ಅದು ಕಾಣಲಿಲ್ಲ. ನನ್ನ ಕೈ ಮಾತ್ರ ನಲ್ಲಿಯ ಕಡೆಗೆ ತಾನಾಗಿಯೇ ಹೋಗುತ್ತಿತ್ತು. ಸೆರಗಿನೊಳಗೆ ಸುತ್ತಿ ಹಿಡಿದುಕೊಂಡೆ.

ಇವರ ರಜೆಯ ದಿನ ಫೋನ್ ಬಂತು. ಮೆಟ್ಟಿಲ ಮೇಲೆ ಕೂತಿದ್ದ ಇವರು ಅಣ್ಣನ ಹೆಸರು ನೋಡಿ ಬೆವರಿದರು. ನಾನೇ ಕಿತ್ತುಕೊಂಡೆ.

“ಏನೋ, ಹುಲ್ಲೆಲ್ಲ ಒಣಗ್ತಿದೆ! ಅವಳಿಗೇನಾಯ್ತೋ?”

“ಭಾವ, ನಾನು.”

“ನೀನಾ? ಹುಷಾರಾಗಿದೀಯಾ ತಾಯಿ? ಹುಲ್ಲಿನ ಹತ್ರ ನೀನು ಕಾಣದೆ ಜೀವ ಹೋದಂಗಾಗಿತ್ತು.”

“ಹುಷಾರಾಗಿದೀನಿ. ನೀರು ನಾನೇ ನಿಲ್ಲಿಸಿದೆ. ಮನೆ ಬಿಟ್ಟು ಹೊಲಿಗೆ ಅಂಗಡಿಗೆ ಹೋಗ್ಬೇಕು ಅಂತ ಮಳೆಗಾಲದಿಂದ ಕಾಯ್ತಿದೀನಿ.”

“ಯಾವ ಅಂಗಡಿ?” ಭಾವನ ದನಿ ಇಳಿಯಿತು. “ಅಲ್ಲಮ್ಮ, ನಾನು ಈ ಮನೆ ಮಾರಿಬಿಡೋಣ ಅಂತ ಯಾವಾಗಲೋ ಹೇಳಿದ್ದೆ. ಇಷ್ಟು ದೂರದಿಂದ ನನಗೂ ಸಾಕಾಗಿದೆ. ‘ಬೇಡ ಅಣ್ಣ, ಅವಳಿಗೆ ಆ ಹುಲ್ಲೇ ಪ್ರಾಣ, ಎದೆ ಒಡ್ಕೊಳ್ತಾಳೆ’ ಅಂದ. ನಿನಗೋಸ್ಕರ ಇಟ್ಕೊಂಡಿದ್ದೆ. ನಿನಗೆ ಖುಷಿಯಾಗ್ಲಿ ಅಂತ ದಿನಾ ನೋಡ್ತಿದ್ದೆ.”

ನಾನು ಇವರ ಕಡೆ ತಿರುಗಿದೆ. ಇವರು ನೆಲ ನೋಡುತ್ತಿದ್ದರು.

“ದಿನವಿಡೀ ಬಸ್ಸಲ್ಲಿ ಯಾರು ಬೇಕಾದ್ರೂ ನನ್ನ ಬೈತಾರೆ ಕಣೇ” ಎಂದರು ಮೆಲ್ಲಗೆ. “ಈ ಬೀದಿಯಲ್ಲಿ ಮಾತ್ರ ನನ್ನ ಓನರ್ ಅಂತಾರೆ. ಎರಡು ಕೋಣೆಗೆ ಹೋದ್ರೆ...”

ಬೈಯಬೇಕೆಂದು ಬಾಯಿ ತೆರೆದೆ. ಬೈಯದೆ ಇವರ ಮುಖವನ್ನೇ ನೋಡಿದೆ. ಇಷ್ಟು ದಿನ ಬೀಗ ಹಾಕಿದವರು ಭಾವ ಅಂದುಕೊಂಡಿದ್ದೆ. ಹಾಕಿದವರು ಇವರು; ಹಾಕಿ ತಾವೂ ಒಳಗೇ ಕೂತಿದ್ದರು.

“ಹಲೋ? ಈಗೇನು ಮಾಡಲಮ್ಮ? ಮಾರಲಾ?” ಭಾವ ಕೇಳುತ್ತಿದ್ದರು.

“ನಿಮ್ಮ ತಮ್ಮನೇ ಹೇಳ್ತಾರೆ” ಎಂದು ಫೋನನ್ನು ಇವರ ಅಂಗೈಯಲ್ಲಿಟ್ಟೆ. ಇವರು ಅದನ್ನು ಕೆಂಡ ಹಿಡಿದಂತೆ ಹಿಡಿದರು. “ಅಣ್ಣಾ... ಅದೇನಪ್ಪಾ ಅಂದ್ರೆ...” ಮುಂದಿನ ಮಾತು ಬರುವವರೆಗೆ ನಿಂತರೆ ನಾನು ಮತ್ತೊಂದು ಮಳೆಗಾಲ ಕಾಯಬೇಕಾಗುತ್ತಿತ್ತು. ಚಪ್ಪಲಿ ಮೆಟ್ಟಿ, ಒಣಹುಲ್ಲಿನ ಮೇಲೇ ನೇರ ನಡೆದು ಗೇಟು ತೆರೆದೆ.

ಅಂಗಡಿಯ ಅಕ್ಕ ಕನ್ನಡಕ ಏರಿಸಿ ನೋಡಿದಳು. “ಬಂದೆಯಾ? ಒಬ್ಬಳೇನಾ?”

“ಸದ್ಯಕ್ಕೆ ಒಬ್ಬಳೇ ಅಕ್ಕಾ” ಎಂದೆ. “ಮೊದಲು ಮೇಲಿನ ಕೋಣೆ ಗುಡಿಸಿಬಿಡ್ತೀನಿ. ಪೊರಕೆ ಎಲ್ಲಿದೆ?”