ನಮ್ಮ ನಕ್ಷೆ ಹಿಡಿದು ಬಂದವರು

ನಾಲ್ಕು ಊರುಗಳ ನಕ್ಷೆಯೂ ಒಂದೇ ಬಗೆಯದಿರಬೇಕು, ಅದು ಎಲ್ಲರಿಗೂ ಸಿಗಬೇಕು ಎಂದು ಪಟ್ಟು ಹಿಡಿದವರು ನಾವೇ. ಕೈರೋದಲ್ಲಿ ನಾನು, ಬೈರುತ್‌ನಲ್ಲಿ ವಫೀಕ್, ಅಮ್ಮಾನ್‌ನಲ್ಲಿ ರೀಹಾಮ್, ಟ್ಯೂನಿಸ್‌ನಲ್ಲಿ ಹಯಾತ್. ಒಬ್ಬರ ಊರಿಗೆ ಇನ್ನೊಬ್ಬರು ಹೋಗೋಣವೆಂದರೆ ವೀಸಾ ಸಿಗದು. ಕಂಪ್ಯೂಟರ್ ಪರದೆಯ ಮೇಲಷ್ಟೇ ನಾವು ಅಣ್ಣತಂಗಿಯರು. ಹಳೆಯ ಓಣಿಗಳ ಒಂದೊಂದು ಕೋಣೆಯನ್ನೂ ಗುರುತಿಸಿಟ್ಟರೆ ಅಲ್ಲಿನವರನ್ನು ಯಾರೂ ಒಕ್ಕಲೆಬ್ಬಿಸಲಾರರು ಎಂದು ನಂಬಿದ್ದೆವು. ಓದಿದವರಿಗೆ ಇಂಥ ನಂಬಿಕೆ ಬಲು ಬೇಗ ಬರುತ್ತದೆ.

ನಮ್ಮ ಓಣಿಯಲ್ಲಿ ಉಮ್ಮ್ ಶಾಕಿರ್ ಒಬ್ಬಳೇ ನಮಗೆ ಬಾಗಿಲು ತೆರೆದಿರಲಿಲ್ಲ. ಗಂಡ ಸತ್ತ ಮುದುಕಿ, ಮಹಡಿಯ ಮೇಲೊಂದು ಕೋಣೆ, ಬಾಯಿಮಾತಿನ ಬಾಡಿಗೆ. ಮನೆ ಕೆಡವಿದಾಗ ಒಡೆಯನ ಮನೆಯವರಿಗೆ ಬದಲಿ ಮನೆ ಉಂಟು, ಕರಾರುಪತ್ರ ಇಲ್ಲದ ಬಾಡಿಗೆದಾರರಿಗೆ ಇಲ್ಲ. ಅದಕ್ಕೇ ಸರ್ಕಾರದವರು ಕೇಳಿದಾಗಲೆಲ್ಲ ಇಡೀ ಓಣಿ ಒಂದೇ ಬಾಯಲ್ಲಿ, "ಆಕೆ ಮನೆಯೊಡೆಯನ ಅಕ್ಕ" ಎನ್ನುತ್ತಿತ್ತು. ಚಿಕ್ಕ ಮಕ್ಕಳೂ ಹಾಗೆಯೇ ಹೇಳುತ್ತಿದ್ದರು.

"ಈ ನಕ್ಷೆ ಹಿಡ್ಕೊಂಡು ಬಂದೋರು ನಮ್ಮೋರು ಖಾಲಾ. ಅವ್ರ ಹತ್ರ ಸುಳ್ಳು ಬೇಡ" ಎಂದು ಉಮ್ಮ್ ಶಾಕಿರ್‌ಳನ್ನು ನಾನೇ ಪುಸಲಾಯಿಸಿದೆ. ನಕ್ಷೆಯಲ್ಲಿ ತನ್ನ ಕಿಟಕಿಯನ್ನು ಕಂಡು ಅವಳು ಹುಡುಗಿಯಂತೆ ನಕ್ಕಳು. "ಬೈರುತ್‌ನೋರೂ ಇದನ್ನ ನೋಡ್ತಾರಾ? ಯಾವಾಗ್ ಬರ್ತಾರೆ? ಚಹಾ ಮಾಡಿಡ್ತೀನಿ."

ಮೊನ್ನೆ ರಸ್ತೆ ಅಗಲ ಮಾಡುವ ಇಲಾಖೆಯವರು ಬಂದರು. ಅವರ ಕೈಯಲ್ಲಿದ್ದದ್ದು ನಮ್ಮದೇ ನಕ್ಷೆ. ಯಾರು ಬೇಕಾದರೂ ಇಳಿಸಿಕೊಳ್ಳಲಿ ಎಂದಿದ್ದೆವಲ್ಲ, ಇಳಿಸಿಕೊಂಡಿದ್ದರು.

ನಾನು ಅಲ್ಲಿಗೆ ಓಡಿ ಬರುವಷ್ಟರಲ್ಲಿ ಗೋಡೆಗೆ ಕೆಡವುವ ಗುರುತಿನ ಕೆಂಪು ಬಣ್ಣ ಬಳಿದಾಗಿತ್ತು. ಇಸ್ತ್ರಿ ಅಂಗಡಿಯ ಫಿಕ್ರಿ ಬಾಗಿಲಲ್ಲೇ ತಡೆದ.

"ಬಂದ್ರಾ ಇಂಜಿನಿಯರಮ್ಮ? ಇಷ್ಟು ವರ್ಷ ನಾವು ಮುಚ್ಚಿಟ್ಟಿದ್ದನ್ನ ಮುದುಕಿ ತಾನೇ ಬಾಯಿಬಿಟ್ಟು ಹೇಳಿದ್ಲು. 'ನಾನು ಅಕ್ಕ ಅಲ್ಲ, ನನ್ ಹತ್ರ ಪತ್ರ ಇಲ್ಲ' ಅಂತ. ಮೇಲಿಂದ ಅವ್ರಿಗೆ ಚಹಾ ಬೇರೆ!"

ಇಲಾಖೆಗೆ ಅಲೆದೆ. ಬರೆದುಕೊಂಡದ್ದನ್ನು ಅಳಿಸಲು ಬರುವುದಿಲ್ಲ ಎಂದರು. ಆ ರಾತ್ರಿಯೇ ನಕ್ಷೆಯನ್ನು ತೆಗೆದುಹಾಕಿದೆವು, ಇನ್ನು ತೆಗೆದು ಏನು ಬಂತು! ವಫೀಕ್ ಏನೋ ಹೇಳಹೊರಟ, ಅವನೂರಲ್ಲಿ ಕರೆಂಟು ಹೋಯಿತು. ಹಯಾತ್ ಅತ್ತಳು. ರೀಹಾಮ್ ಖಂಡನಾ ಹೇಳಿಕೆ ಬರೆದಳು; ನಾಲ್ಕೂ ಊರಿನವರು ಸಹಿ ಹಾಕಿದೆವು. ನಮಗೆ ಬರುವ ಕೆಲಸ ಅದೊಂದೇ.

ಮಾರನೆಯ ದಿನ ಆ ಹೇಳಿಕೆಯನ್ನು ಉಮ್ಮ್ ಶಾಕಿರ್‌ಗೆ ಓದಿ ಹೇಳಿದೆ. ಅವಳು ಪಾತ್ರೆಗಳನ್ನು ಚಾದರದಲ್ಲಿ ಗಂಟು ಕಟ್ಟುತ್ತಿದ್ದಳು. ಎಲ್ಲಿಗೆ ಹೋಗುತ್ತೀ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

"ಚೆನ್ನಾಗ್ ಬರ್ದಿದಾರೆ ಮಗಳೇ. ಅವ್ರು ಬಂದು ತಡೀತಾರಾ?"

"ಅವ್ರಿಗೆ ಇಲ್ಲಿಗೆ ಬರೋಕೆ ಬಿಡಲ್ಲ ಖಾಲಾ."

"ಮತ್ತೆ, ನಿನ್ನೆ ಬಂದೋರು? ಅವ್ರೂ ನಿಮ್ಮೋರೇ ಅಲ್ವಾ? ಅವ್ರಿಗೊಂದು ಮಾತು ಹೇಳು. ನನ್ ಚಹಾ ಕುಡ್ದಿದಾರೆ, ಇಲ್ಲ ಅನ್ನಲ್ಲ."

"ಹೇಳ್ತೀನಿ" ಎಂದೆ. ಅವಳಿಗೆ ಸಮಾಧಾನವಾಯಿತು, ಕಟ್ಟಿದ ಗಂಟು ಬಿಚ್ಚಿ, ಪಾತ್ರೆಗಳನ್ನು ಮತ್ತೆ ಗೂಡಿನಲ್ಲಿ ಜೋಡಿಸತೊಡಗಿದಳು.